ಲಿನಕ್ಸ್ ಕರ್ನಲ್ ನಾವೇ ಕಂಪೈಲ್ ಮಾಡಿಕೊಂಡರೆ ಲಾಭವಿದೆಯೇ?

ಲ್ಯಾಪ್‌ಟಾಪ್ ಚುರುಕಾಗಲಿ ಎಂಬ ಒಂದೇ ಆಸೆಗೆ ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು) ಕಂಪೈಲ್ ಅಥವಾ ಬಿಲ್ಡ್ ಮಾಡಲು, ಅಂದರೆ ಸೋರ್ಸ್ ಕೋಡಿನಿಂದ ನಾವೇ ಕಟ್ಟಿಕೊಳ್ಳಲು, ಹೊರಟಿದ್ದರೆ ಬೇಡ. ಆದರೆ ಹೊಸ ಲ್ಯಾಪ್‌ಟಾಪಿನ ಕೀಬೋರ್ಡ್ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತಿಲ್ಲ, ಒಳಗಿನ ಮೈಕ್ ಕಾಣಿಸುತ್ತಿಲ್ಲ, ಕಳೆದ ಅಪ್‌ಡೇಟ್ ಆದಮೇಲೆ ಸಸ್ಪೆಂಡ್‌ನಿಂದ ಯಂತ್ರ ಏಳುತ್ತಲೇ ಇಲ್ಲ, ಹೀಗೆ ಬೆರಳಿಟ್ಟು ತೋರಿಸಬಹುದಾದ ಒಂದು ತೊಂದರೆ ಇದ್ದರೆ ಕರ್ನಲ್ ಬಿಲ್ಡ್ ಮಾಡಲು ಬರುವುದು ದೊಡ್ಡ ಅನುಕೂಲ. ಈ ಎರಡು ಸಂದರ್ಭಗಳನ್ನು ಒಂದೇ ಪ್ರಶ್ನೆಯಾಗಿ ಕೇಳುವುದರಿಂದಲೇ ಉತ್ತರಗಳು ಗೊಂದಲವಾಗುತ್ತವೆ.

ಮುಂದಿನ ವಿವರಗಳನ್ನು ಡೆಬಿಯನ್ 13 ಮತ್ತು ಅದರ ಜೊತೆ ಬರುವ 6.12 ಕರ್ನಲ್ ಇಟ್ಟುಕೊಂಡು ಬರೆದಿದೆ. ಉಬುಂಟು, ಮಿಂಟ್ ಬಳಸುವವರಿಗೂ ಬಹುತೇಕ ಹಾಗೇ ಅನ್ವಯಿಸುತ್ತದೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಕಮಾಂಡ್‌ಗಳು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಕಾನ್ಫಿಗ್ (ಕರ್ನಲ್‌ನಲ್ಲಿ ಏನೇನಿರಬೇಕು ಎಂಬ ಪಟ್ಟಿ) ಆಯ್ಕೆಗಳ ಹೆಸರು ದೊಡ್ಡಕ್ಷರದಲ್ಲಿ, ಆ ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ.

ವೇಗದ ಲೆಕ್ಕ

ಡಿಸ್ಟ್ರೋ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವಿತರಣೆ) ಕೊಡುವ ಕರ್ನಲ್‌ನಲ್ಲಿ ಸಾವಿರಾರು ಡ್ರೈವರ್ ಇವೆ, ನಮಗೆ ಬೇಕಾದ್ದು ನೂರಿನ್ನೂರು, ಉಳಿದದ್ದನ್ನು ಕಿತ್ತು ಹಾಕಿದರೆ ಹಗುರಾಗುತ್ತದೆ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಆದರೆ ಆ ಸಾವಿರಾರು ಡ್ರೈವರ್‌ಗಳು ಮಾಡ್ಯೂಲ್‌ಗಳಾಗಿ, ಅಂದರೆ ಬೇಕಾದಾಗ ಮಾತ್ರ ಕರ್ನಲ್‌ಗೆ ಸೇರುವ ತುಣುಕುಗಳಾಗಿ, /ಲಿಬ್/ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಫೈಲ್‌ಗಳಾಗಿ ಇರುತ್ತವೆ ಅಷ್ಟೇ. ಲೋಡ್ ಆಗದ ಮಾಡ್ಯೂಲ್ ಒಂದು ಬೈಟ್ ರ್‍ಯಾಮ್ ಕೂಡ ತಿನ್ನುವುದಿಲ್ಲ, ಸಿಪಿಯುವಿನ ಒಂದು ಸೈಕಲ್ ಕೂಡ ಬಳಸುವುದಿಲ್ಲ. 'ಎಲ್‌ಎಸ್‌ಮಾಡ್' ಕೊಟ್ಟು ನೋಡಿ. ಪಟ್ಟಿಯಲ್ಲಿರುವುದು ನಿಮ್ಮ ಯಂತ್ರಕ್ಕೆ ಬೇಕಾದ್ದು ಮಾತ್ರ. ಕರ್ನಲ್ ಸಂದೇಶಗಳನ್ನು ತೋರಿಸುವ 'ಡಿಮೆಸ್ಗ್' ಕಮಾಂಡಿನ ಆರಂಭದಲ್ಲಿ ಮೆಮೊರಿ ಲೆಕ್ಕದ ಒಂದು ಸಾಲು ಬರುತ್ತದೆ. ಅದರಲ್ಲಿ ಕರ್ನಲ್ ಕೋಡ್ ಎಷ್ಟು ಎಂದು ಬರೆದಿರುತ್ತದೆ. ಡಿಸ್ಟ್ರೋ ಕರ್ನಲ್‌ನಲ್ಲೂ ಅದು ಕೆಲವು ಹತ್ತು ಎಂಬಿ ದಾಟುವುದಿಲ್ಲ. 8 ಜಿಬಿ ಯಂತ್ರದಲ್ಲಿ ಅದನ್ನು ಅರ್ಧ ಮಾಡಿದರೂ ಬ್ರೌಸರಿನ ಒಂದು ಟ್ಯಾಬ್‌ನಷ್ಟೂ ಉಳಿತಾಯ ಆಗುವುದಿಲ್ಲ.

ಇನ್ನೊಂದು ವಾದ, ನಮ್ಮ ಸಿಪಿಯುವಿಗೇ ಹೊಂದುವಂತೆ ಕಂಪೈಲ್ ಮಾಡಿದರೆ ವೇಗ ಬರುತ್ತದೆ ಎನ್ನುವುದು. ವಿಡಿಯೊ ಎನ್‌ಕೋಡರ್‌ಗೆ, ಗಣಿತದ ಲೈಬ್ರರಿಗೆ ಇದು ನಿಜ. ಕರ್ನಲ್‌ನಲ್ಲಿ ಹಾಗಾಗದಿರುವುದಕ್ಕೆ ಕಾರಣವಿದೆ. ಎಕ್ಸ್86 ಕರ್ನಲ್ ಬಿಲ್ಡ್ ಆಗುವಾಗ ಎಸ್‌ಎಸ್‌ಇ, ಎವಿಎಕ್ಸ್ (ಒಮ್ಮೆಗೇ ಹಲವು ಅಂಕಿಗಳ ಲೆಕ್ಕ ಮಾಡುವ) ಸೂಚನೆಗಳನ್ನು ಬಳಸಬೇಡ ಎಂದು ಕಂಪೈಲರ್‌ಗೆ ಮೊದಲೇ ಹೇಳಲಾಗುತ್ತದೆ. ಆ ರಿಜಿಸ್ಟರ್‌ಗಳಲ್ಲಿ ಯೂಸರ್ ಪ್ರೋಗ್ರಾಮಿನ ಮಾಹಿತಿ ಇರುತ್ತದೆ. ಕರ್ನಲ್ ಒಳಗೆ ಬಂದಾಗಲೆಲ್ಲ ಅದನ್ನು ಎತ್ತಿಟ್ಟು ಮತ್ತೆ ತುಂಬುವುದು ದುಬಾರಿ. ದೊಡ್ಡ ಲಾಭ ಬರಬೇಕಾಗಿದ್ದ ಜಾಗವೇ ಹೀಗೆ ಮುಚ್ಚಿಹೋಗಿದೆ. ನಿಜವಾಗಿ ಎವಿಎಕ್ಸ್ ಬೇಕಾದ ಕಡೆ, ಅಂದರೆ ಕ್ರಿಪ್ಟೋ, ರೇಡ್ (ಹಲವು ಡಿಸ್ಕ್ ಜೋಡಿಸಿ ಬಳಸುವ ವ್ಯವಸ್ಥೆ) ಲೆಕ್ಕಾಚಾರ ಇಂಥ ಕಡೆ, ಕೈಯಲ್ಲಿ ಬರೆದ ಹಲವು ಆವೃತ್ತಿಗಳ ಕೋಡ್ ಇದೆ. ಸಿಪಿಯು ನೋಡಿ ಕರ್ನಲ್ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ರೇಡ್6 ಮಾಡ್ಯೂಲ್ ಲೋಡ್ ಆಗುವಾಗ ಆವೃತ್ತಿಗಳನ್ನು ಓಡಿಸಿ ಅಳೆದು, ಯಾವುದನ್ನು ಆರಿಸಿದೆ ಎಂದು ಡಿಮೆಸ್ಗ್‌ನಲ್ಲಿ ಬರೆಯುತ್ತದೆ. ಡಿಸ್ಟ್ರೋ ಕರ್ನಲ್‌ಗೂ ಈ ಸೌಲಭ್ಯ ಅಷ್ಟೇ ಇದೆ. 6.16ರಿಂದ ಎಕ್ಸ್86 ನೇಟಿವ್ ಸಿಪಿಯು ಎಂಬ ಆಯ್ಕೆಯೂ ಕಾನ್ಫಿಗ್‌ನಲ್ಲಿ ಸೇರಿದೆ. ಬಿಲ್ಡ್ ಹೇಗೂ ಮಾಡುತ್ತಿದ್ದರೆ ಹಾಕಿಕೊಳ್ಳಿ. ಅದಕ್ಕಾಗಿಯೇ ಬಿಲ್ಡ್ ಮಾಡಬೇಡಿ.

ಬೂಟ್ ನಿಧಾನವಾಗಿದೆಯೇ? ಮೊದಲು 'ಸಿಸ್ಟಮ್‌ಡಿ-ಅನಲೈಜ್' ಕೊಡಿ. ಫರ್ಮ್‌ವೇರ್ (ಬಯೋಸ್), ಲೋಡರ್, ಕರ್ನಲ್, ಯೂಸರ್‌ಸ್ಪೇಸ್ ಎಂದು ಬೇರೆ ಬೇರೆ ಸಮಯ ತೋರಿಸುತ್ತದೆ. ಸಾಮಾನ್ಯವಾಗಿ ಸಮಯ ತಿನ್ನುವುದು ಫರ್ಮ್‌ವೇರ್ ಮತ್ತು ಯೂಸರ್‌ಸ್ಪೇಸ್. ಡೆಬಿಯನ್‌ನಲ್ಲಿ ಇನಿಟ್‌ರ್‍ಯಾಮ್‌ಎಫ್‌ಎಸ್ (ನಿಜವಾದ ಡಿಸ್ಕ್ ಸಿಗುವವರೆಗೆ ಮೆಮೊರಿಯಿಂದ ನಡೆಯುವ ಪುಟ್ಟ ಆರಂಭಿಕ ವ್ಯವಸ್ಥೆ) ಒಳಗೆ ಕಳೆದ ಸಮಯವೂ ಕರ್ನಲ್ ಲೆಕ್ಕಕ್ಕೇ ಸೇರುತ್ತದೆ, ಡಿಸ್ಕ್ ಪಾಸ್‌ವರ್ಡ್ ಟೈಪ್ ಮಾಡಲು ನೀವು ತೆಗೆದುಕೊಂಡ ಹೊತ್ತೂ ಸೇರಿ. ಹಾಗಾಗಿ ಕರ್ನಲ್ ಹತ್ತು ಸೆಕೆಂಡ್ ಎಂದು ಕಂಡ ಕೂಡಲೇ ಕರ್ನಲ್ ಮೇಲೆ ಸಿಟ್ಟಾಗುವುದು ಬೇಡ.

ಕಂಪೈಲ್ ಮಾಡದೆಯೇ ಆಗುವ ಕೆಲಸ

ಹಳೆಯ ಲೇಖನಗಳು ಕಂಪೈಲ್ ಮಾಡಿ ಎಂದು ಹೇಳುವ ಎಷ್ಟೋ ಸಂಗತಿಗಳು ಈಗ ಒಂದು ಬೂಟ್ ಪ್ಯಾರಾಮೀಟರ್‌ನಲ್ಲಿ ಮುಗಿಯುತ್ತವೆ. ಆಡಿಯೊ ರೆಕಾರ್ಡಿಂಗ್‌ಗೆ ಕಡಿಮೆ ಲೇಟೆನ್ಸಿ (ವಿಳಂಬ) ಬೇಕಿದ್ದರೆ ಮೊದಲು ಗ್ರಬ್‌ನಲ್ಲಿ (ಯಂತ್ರ ಆನ್ ಆದಾಗ ಕರ್ನಲ್ ಲೋಡ್ ಮಾಡುವ ಪ್ರೋಗ್ರಾಂ) 'ಪ್ರೀಎಂಪ್ಟ್=ಫುಲ್' ಸೇರಿಸಿ ನೋಡಿ; 5.12ರಿಂದ ಈಚಿನ ಕರ್ನಲ್‌ಗಳು ಡೈನಾಮಿಕ್ ಪ್ರೀಎಂಪ್ಟ್ ಆಯ್ಕೆಯೊಂದಿಗೆ ಬಿಲ್ಡ್ ಆಗಿದ್ದರೆ ಬೂಟ್ ಹೊತ್ತಿನಲ್ಲೇ ಇದನ್ನು ಬದಲಿಸಬಹುದು. ಅದೂ ಸಾಲದಿದ್ದರೆ ಡೆಬಿಯನ್‌ನಲ್ಲಿ ಆರ್‌ಟಿ (ರಿಯಲ್‌ಟೈಮ್) ಕರ್ನಲ್ ರೆಡಿಮೇಡ್ ಪ್ಯಾಕೇಜ್ ಆಗಿಯೇ ಸಿಗುತ್ತದೆ. ವರ್ಷಗಟ್ಟಲೆ ಹೊರಗಿನ ಪ್ಯಾಚ್ (ತಿದ್ದುಪಡಿ) ಆಗಿದ್ದ ಪ್ರೀಎಂಪ್ಟ್-ಆರ್‌ಟಿ 2024ರಲ್ಲಿ, 6.12ರ ಹೊತ್ತಿಗೆ ಮುಖ್ಯ ಕರ್ನಲ್‌ಗೇ ಸೇರಿತು. ನೆಟ್‌ವರ್ಕ್ ದಟ್ಟಣೆ ನಿಭಾಯಿಸುವ ಬಿಬಿಆರ್ ಬೇಕೇ? ಮಾಡ್ಯೂಲ್ ಈಗಾಗಲೇ ಇದೆ, ಸಿಸ್‌ಸಿಟಿಎಲ್‌ನಲ್ಲಿ ಒಂದು ಸಾಲು ಸಾಕು. ಬೇಡದ ಡ್ರೈವರ್ ಲೋಡ್ ಆಗುತ್ತಿದ್ದರೆ ಮಾಡ್‌ಪ್ರೋಬ್ ಬ್ಲ್ಯಾಕ್‌ಲಿಸ್ಟ್ ಇದೆ. ಹೊಸ ಹಾರ್ಡ್‌ವೇರಿಗೆ ಹೊಸ ಕರ್ನಲ್ ಬೇಕೆಂದಾದರೆ ಡೆಬಿಯನ್ ಬ್ಯಾಕ್‌ಪೋರ್ಟ್ಸ್, ಉಬುಂಟುವಿನ ಎಚ್‌ಡಬ್ಲ್ಯುಇ ಇವೆ; ಪರೀಕ್ಷೆಗೆ ಮಾತ್ರವಾದರೆ ಉಬುಂಟುವಿನ ಮೇನ್‌ಲೈನ್ (ಡಿಸ್ಟ್ರೋ ಬದಲಾವಣೆಗಳಿಲ್ಲದ ಮೂಲ ಕರ್ನಲ್) ಬಿಲ್ಡ್‌ಗಳಿವೆ. ಯಾರೋ ಆಗಲೇ ಕಂಪೈಲ್ ಮಾಡಿಟ್ಟಿದ್ದಾರೆ, ಬಳಸಿಕೊಳ್ಳಿ.

ವೈಫೈ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ವೈಫೈ ಬರುತ್ತಿಲ್ಲ ಎಂದು ಕರ್ನಲ್ ಕಂಪೈಲ್‌ಗೆ ಇಳಿಯುವವರು ಬಹಳ. ಡಿಮೆಸ್ಗ್‌ನಲ್ಲಿ ಫರ್ಮ್‌ವೇರ್ ಲೋಡ್ ವಿಫಲ, ಎರರ್ -2 ಎಂದಿದ್ದರೆ ಡ್ರೈವರ್ ಸರಿಯಾಗಿಯೇ ಇದೆ, ಅದು ಕೇಳುತ್ತಿರುವ ಫರ್ಮ್‌ವೇರ್ ಫೈಲ್ (ವೈಫೈ ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಡಿಸ್ಕಿನಲ್ಲಿ ಇಲ್ಲ ಎಂದರ್ಥ. ಫರ್ಮ್‌ವೇರ್ ಕರ್ನಲ್ ಸೋರ್ಸ್‌ನಲ್ಲಿ ಇರುವುದಿಲ್ಲ, ಎಷ್ಟು ಸಲ ಕಂಪೈಲ್ ಮಾಡಿದರೂ ಬರುವುದಿಲ್ಲ. ಡೆಬಿಯನ್‌ನ ನಾನ್-ಫ್ರೀ-ಫರ್ಮ್‌ವೇರ್ ವಿಭಾಗದಿಂದ ಸರಿಯಾದ ಪ್ಯಾಕೇಜ್ ಹಾಕಿದರೆ ಮುಗಿಯಿತು.

ನಿಜವಾಗಿ ಬೇಕಾಗುವ ಸಂದರ್ಭ

ಎರಡು ಉದಾಹರಣೆ ಹತ್ತಿರದಿಂದ ನೋಡೋಣ. ಎರಡೂ ಎಎಂಡಿ ರೈಜೆನ್ ಲ್ಯಾಪ್‌ಟಾಪ್‌ಗಳವು, ಎರಡೂ ನಿಜಕ್ಕೂ ಪದೇ ಪದೇ ಬರುವಂಥವು.

ಮೊದಲನೆಯದು ಒಳಗಿನ ಮೈಕ್. ಸ್ಪೀಕರ್ ಹಾಡುತ್ತದೆ, ಹೆಡ್‌ಫೋನ್ ಜ್ಯಾಕ್ ಸರಿ ಇದೆ, ಆದರೆ ಸೌಂಡ್ ಸೆಟಿಂಗ್‌ನಲ್ಲಿ ಇನ್‌ಪುಟ್ ಡಿವೈಸೇ ಇಲ್ಲ. ಕಾರಣ: ಈ ಡಿಜಿಟಲ್ ಮೈಕ್ ಇದೆ ಎಂದು ಹಲವು ಲ್ಯಾಪ್‌ಟಾಪ್‌ಗಳ ಬಯೋಸ್ ಸರಿಯಾಗಿ ಹೇಳುವುದಿಲ್ಲ. ಅದಕ್ಕಾಗಿ ಕರ್ನಲ್ ಒಂದು ಪಟ್ಟಿ ಇಟ್ಟುಕೊಂಡಿದೆ, ಸೋರ್ಸ್‌ನ /ಸೌಂಡ್/ಎಸ್‌ಒಸಿ/ಎಎಂಡಿ/ವೈಸಿ ಫೋಲ್ಡರಿನ 'ಎಸಿಪಿ6ಎಕ್ಸ್-ಮ್ಯಾಕ್' ಫೈಲಿನಲ್ಲಿ. ತಯಾರಕರ ಹೆಸರು, ಮಾಡೆಲ್ ಹೆಸರು ಪಟ್ಟಿಯಲ್ಲಿದ್ದರೆ ಮೈಕ್ ಏಳುತ್ತದೆ. ನಿಮ್ಮ ಮಾಡೆಲ್ ಇಲ್ಲದಿದ್ದರೆ ಸೇರಿಸಬೇಕಾದ್ದು ಆರೇಳು ಸಾಲು, ಪಕ್ಕದ ನಮೂದನ್ನೇ ನಕಲು ಮಾಡಿ ಹೆಸರು ಬದಲಿಸುವಷ್ಟು ಕೆಲಸ.

ಇದಕ್ಕೆ ಪೂರ್ತಿ ಕರ್ನಲ್ ಕಂಪೈಲ್ ಬೇಕಾಗಿಲ್ಲ! ಇದು ಮಾಡ್ಯೂಲ್. ಈಗ ಓಡುತ್ತಿರುವ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಹಾಕಿ, ಅದೇ ಆವೃತ್ತಿಯ ಸೋರ್ಸ್ ಪ್ಯಾಕೇಜ್ 'ಲಿನಕ್ಸ್-ಸೋರ್ಸ್-6.12' ಇಳಿಸಿ, ಆ ಒಂದು ಫೋಲ್ಡರನ್ನು ಮನೆ ಡೈರೆಕ್ಟರಿಗೆ ನಕಲು ಮಾಡಿ, ತಿದ್ದಿ. 'ಮೇಕ್ -ಸಿ' ಎಂದು ಬರೆದು /ಲಿಬ್/ಮಾಡ್ಯೂಲ್ಸ್ ಅಡಿಯಲ್ಲಿ ನಿಮ್ಮ ಆವೃತ್ತಿಯ 'ಬಿಲ್ಡ್' ಫೋಲ್ಡರಿನ ದಾರಿ ಕೊಟ್ಟು, 'ಎಂ=' ಮುಂದೆ ನಕಲು ಮಾಡಿದ ಫೋಲ್ಡರಿನ ದಾರಿ ಕೊಟ್ಟು, 'ಮಾಡ್ಯೂಲ್ಸ್' ಎಂದು ಮುಗಿಸಿದರೆ ಒಂದು ನಿಮಿಷದೊಳಗೆ ಕೆಒ ಫೈಲ್ (ಕಂಪೈಲ್ ಆದ ಮಾಡ್ಯೂಲ್) ಸಿಗುತ್ತದೆ. ('ಎಂ' ದೊಡ್ಡಕ್ಷರ, '-ಸಿ'ಯೂ ದೊಡ್ಡಕ್ಷರ.) ಅದನ್ನು /ಲಿಬ್/ಮಾಡ್ಯೂಲ್ಸ್‌ನಲ್ಲಿ ನಿಮ್ಮ ಆವೃತ್ತಿಯ ಕೆಳಗೆ 'ಅಪ್‌ಡೇಟ್ಸ್' ಎಂಬ ಫೋಲ್ಡರಿನಲ್ಲಿಟ್ಟು 'ಡೆಪ್‌ಮಾಡ್ -ಎ' ಕೊಡಿ. ಒಂದೇ ಹೆಸರಿನ ಎರಡು ಮಾಡ್ಯೂಲ್ ಇದ್ದರೆ ಅಪ್‌ಡೇಟ್ಸ್ ಫೋಲ್ಡರಿನದಕ್ಕೇ ಮೊದಲ ಮಣೆ, ಹಾಗಾಗಿ ಮೂಲ ಫೈಲನ್ನು ಮುಟ್ಟುವ ಅಗತ್ಯವಿಲ್ಲ. ಏನಾದರೂ ಕೆಟ್ಟರೆ ನಿಮ್ಮದನ್ನು ಅಳಿಸಿದರೆ ಸಾಕು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡ್ ಓಡಲು ಬಿಡದ ರಕ್ಷಣೆ) ಆನ್ ಇದ್ದರೆ ಮಾತ್ರ ಮಾಡ್ಯೂಲಿಗೆ ಸಹಿ ಬೇಕು.

ಎರಡನೆಯದು ಕೀಬೋರ್ಡ್. ಗ್ರಬ್ ಮೆನುವಿನಲ್ಲಿ ಬಾಣದ ಕೀಗಳು ಕೆಲಸ ಮಾಡುತ್ತವೆ, ಲಿನಕ್ಸ್ ಏರಿದ ಮೇಲೆ ಒಂದು ಕೀಯೂ ಒತ್ತಿದಂತಾಗುವುದಿಲ್ಲ, ಹೊರಗಿಂದ ಯುಎಸ್‌ಬಿ ಕೀಬೋರ್ಡ್ ಹಾಕಿದರೆ ಸರಿ. ಗ್ರಬ್ ಹೊತ್ತಿನಲ್ಲಿ ಕೀಬೋರ್ಡ್ ನೋಡಿಕೊಳ್ಳುವುದು ಫರ್ಮ್‌ವೇರ್, ಆಮೇಲೆ ಕರ್ನಲ್. ತೊಂದರೆ ಎಲ್ಲಿ ಶುರುವಾಗುತ್ತದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಕೀಬೋರ್ಡಿನದು ಐಆರ್‌ಕ್ಯೂ 1, ಅಂದರೆ ಕೀ ಒತ್ತಿದಾಗ ಸಿಪಿಯುವನ್ನು ಕರೆಯುವ ಇಂಟರಪ್ಟ್ ಸಿಗ್ನಲ್‌ನ ಸಂಖ್ಯೆ. ಆ ಇಂಟರಪ್ಟ್ ಸಿಗ್ನಲ್ ಹೈ ಆದಾಗ ಬಂತು ಎನ್ನಬೇಕೋ ಲೋ ಆದಾಗ ಎನ್ನಬೇಕೋ ಎಂಬಲ್ಲಿ ಬಯೋಸ್ ಹೇಳಿದ್ದಕ್ಕೂ ಕರ್ನಲ್ ಹಳೆಯ ಪದ್ಧತಿಯಂತೆ ಅಂದುಕೊಂಡದ್ದಕ್ಕೂ ತಾಳೆಯಾಗದೆ ಇಂಟರಪ್ಟ್ ಮುಟ್ಟುವುದೇ ಇಲ್ಲ. ಡಿಮೆಸ್ಗ್‌ನಲ್ಲಿ 'ಓವರ್‌ರೈಡ್' ಎಂದು ಹುಡುಕಿದರೆ ಐಆರ್‌ಕ್ಯೂ 1 ಅನ್ನು ಎಡ್ಜ್, ಹೈ ಎಂದು ಬದಲಿಸಿದ ಸಾಲು ಸಿಕ್ಕರೆ ರೋಗ ಬಹುಪಾಲು ಇದೇ. ಇದಕ್ಕೂ ಒಂದು ಪಟ್ಟಿ ಇದೆ, /ಡ್ರೈವರ್ಸ್/ಎಸಿಪಿಐ/ರಿಸೋರ್ಸ್ ಎಂಬ ಸಿ ಫೈಲಿನಲ್ಲಿ: ಇಂತಿಂಥ ಬೋರ್ಡ್‌ಗಳಲ್ಲಿ ಹಾಗೆ ಬದಲಿಸಬೇಡ ಎಂಬ ಪಟ್ಟಿ. ನಿಮ್ಮ ಬೋರ್ಡಿನ ಹೆಸರು /ಸಿಸ್/ಕ್ಲಾಸ್/ಡಿಎಂಐ/ಐಡಿ ಫೋಲ್ಡರಿನ 'ಬೋರ್ಡ್_ನೇಮ್' ಫೈಲಿನಲ್ಲಿ ಸಿಗುತ್ತದೆ. ಅಕ್ಷರದ ದೊಡ್ಡದು ಚಿಕ್ಕದು ತಪ್ಪಬಾರದು. ಡಿಎಂಐ ಮ್ಯಾಚ್ (ಬಯೋಸ್ ಕೊಟ್ಟ ಹೆಸರನ್ನು ಪಟ್ಟಿಯ ಹೆಸರಿಗೆ ಹೋಲಿಸುವುದು) ಎಂಬುದು ಹೆಸರಿನ ಯಾವುದೇ ಭಾಗ ಹೊಂದಿದರೂ ಒಪ್ಪುತ್ತದೆ, ಹಾಗಾಗಿ ತೀರಾ ಮೊಟಕು ಹೆಸರು ಹಾಕಿದರೆ ಸಂಬಂಧವಿಲ್ಲದ ಮಾಡೆಲ್‌ಗಳೂ ಒಳಗೆ ಬರುತ್ತವೆ.

ಇಲ್ಲಿ ಮಾಡ್ಯೂಲ್ ಉಪಾಯ ನಡೆಯುವುದಿಲ್ಲ, ಏಕೆಂದರೆ ಎಸಿಪಿಐ (ಬಯೋಸ್ ಕೊಡುವ ಮಾಹಿತಿ ಓದುವ ಭಾಗ) ಕರ್ನಲ್‌ನ ಒಡಲಲ್ಲೇ ಬೆರೆತಿರುತ್ತದೆ. ಪೂರ್ತಿ ಬಿಲ್ಡ್ ಆಗಲೇಬೇಕು. ಕರ್ನಲ್ ಕಂಪೈಲ್ ಮಾಡಿದ ಶ್ರಮ ಪೈಸೆ ಪೈಸೆಗೂ ವಸೂಲಾಗುವ ಸಂದರ್ಭ ಎಂದರೆ ಇದು.

ಇದೇ ಸಾಲಿಗೆ ಸೇರುವ ಇನ್ನೊಂದು ಕೆಲಸ ಬೈಸೆಕ್ಟ್. ಹಿಂದಿನ ಕರ್ನಲ್‌ನಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟರೆ, ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಪತ್ತೆ ಮಾಡುವ ವಿಧಾನ. 6.11 ಮತ್ತು 6.12ರ ನಡುವೆ 13 ಸಾವಿರಕ್ಕೂ ಹೆಚ್ಚು ಬದಲಾವಣೆಗಳಿವೆ; ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋದರೆ ಸುಮಾರು 14 ಬಿಲ್ಡ್‌ನಲ್ಲಿ ತಪ್ಪಿತಸ್ಥ ಕಮಿಟ್ (ದಾಖಲಾದ ಒಂದು ಬದಲಾವಣೆ) ಸಿಕ್ಕಿಬೀಳುತ್ತದೆ. 6.12ರ ಒಳಗಿನ ಎರಡು ಪಾಯಿಂಟ್ ಬಿಡುಗಡೆಗಳ ನಡುವೆ ಕೆಟ್ಟದ್ದಾದರೆ ಏಳೆಂಟು ಬಿಲ್ಡ್ ಸಾಕಾಗಬಹುದು. ಹಾಗಾಗಿ ಮೊದಲು ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸಂಗ್ರಹದಿಂದ ಹಳೆಯ ಪ್ಯಾಕೇಜ್‌ಗಳನ್ನು ಹಾಕಿ ನೋಡಿ ವ್ಯಾಪ್ತಿ ಕಿರಿದು ಮಾಡಿಕೊಳ್ಳಿ, ಆಮೇಲೆ ಕಂಪೈಲ್‌ಗೆ ಕೈ ಹಾಕಿ. ಕರ್ನಲ್ ಡೆವಲಪರ್‌ಗೆ 'ಸಸ್ಪೆಂಡ್ ಕೆಟ್ಟಿದೆ' ಎಂದು ಬರೆದರೆ ಉತ್ತರ ಬರುವುದು ಕಷ್ಟ. 'ಈ ಕಮಿಟ್‌ನಿಂದ ಕೆಟ್ಟಿದೆ, ಇದನ್ನು ಹಿಂತೆಗೆದರೆ ಸರಿಯಾಗುತ್ತದೆ' ಎಂದು ಬರೆದರೆ ಗಮನ ಕೊಡಲೇಬೇಕಾಗುತ್ತದೆ.

ರಾಸ್ಪ್‌ಬೆರಿ ಪೈ, ರೂಟರ್, ಕೈಗಾರಿಕಾ ಬೋರ್ಡ್‌ಗಳ ಲೋಕ ಬೇರೆ. ಫ್ಲ್ಯಾಶ್ 16 ಎಂಬಿ ಇರುವ ಕಡೆ, ಬೂಟ್ ಎರಡು ಸೆಕೆಂಡಿನಲ್ಲಿ ಆಗಲೇಬೇಕಾದ ಕಡೆ ಕಸ್ಟಮ್ ಕರ್ನಲ್ ಅನಿವಾರ್ಯ, ಅಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಕಲಿಯುವುದಕ್ಕಾಗಿ ಮಾಡುವ ವಿದ್ಯಾರ್ಥಿಗಳಿಗೆ ಹೇಳಬೇಕಾದ್ದು ಒಂದೇ: ಕ್ಯೂಇಎಂಯು ವರ್ಚುವಲ್ ಯಂತ್ರದಲ್ಲಿ ಮಾಡಿ, ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಇರುವ ಲ್ಯಾಪ್‌ಟಾಪಿನಲ್ಲಿ ಬೇಡ.

ಬಿಲ್ಡ್ ಮಾಡುವ ಕ್ರಮ

ಬೇಕಾಗುವ ಪ್ಯಾಕೇಜ್‌ಗಳು: ಬಿಲ್ಡ್-ಎಸೆನ್ಶಿಯಲ್, ಬಿಸಿ, ಫ್ಲೆಕ್ಸ್, ಬೈಸನ್, ಆರ್‌ಸಿಂಕ್, ಡೆಬ್‌ಹೆಲ್ಪರ್, ಸಿಪಿಐಒ, ಡ್ವಾರ್ವ್ಸ್, ಮತ್ತು ಲಿಬ್‌ಎಸ್‌ಎಸ್‌ಎಲ್, ಲಿಬ್‌ಎಲ್ಫ್, ಲಿಬ್‌ಎನ್‌ಕರ್ಸಸ್ ಇವುಗಳ ಡೆವ್ ಪ್ಯಾಕೇಜ್. ಜಾಗ ಎಷ್ಟು ಬೇಕು ಎಂಬುದು ಡೀಬಗ್ ಮಾಹಿತಿಯ ಮೇಲೆ ನಿಂತಿದೆ. ಡಿಸ್ಟ್ರೋ ಕಾನ್ಫಿಗ್ ಹಾಗೇ ಇಟ್ಟು ಡೀಬಗ್ ಸಮೇತ ಬಿಲ್ಡ್ ಮಾಡಿದರೆ 20 ಜಿಬಿ ದಾಟುತ್ತದೆ. ಅದನ್ನು ತೆಗೆದು, ಮಾಡ್ಯೂಲ್‌ಗಳನ್ನೂ ಕಡಿಮೆ ಮಾಡಿದರೆ ಕೆಲವೇ ಜಿಬಿ. /ಟೆಂಪ್ ಒಳಗೆ ಬಿಲ್ಡ್ ಮಾಡಬೇಡಿ: ಡೆಬಿಯನ್ 13ರಲ್ಲಿ ಅದು ಸಾಮಾನ್ಯವಾಗಿ ರ್‍ಯಾಮ್ ಮೇಲೇ ಇರುತ್ತದೆ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಅಥವಾ ಕೋಲನ್ ಇದ್ದರೆ ಮೇಕ್ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ.

ಸೋರ್ಸ್ ಕರ್ನಲ್ ಡಾಟ್ ಆರ್ಗ್‌ನಿಂದ ಇಳಿಸಿದರೆ ಸಹಿ ಪರಿಶೀಲಿಸಿ. ಸಹಿ ಇರುವುದು ಟಾರ್ ಫೈಲಿಗೆ, ಎಕ್ಸ್‌ಝಡ್ ಫೈಲಿಗಲ್ಲ. ಮೊದಲು 'ಅನ್‌ಎಕ್ಸ್‌ಝಡ್' ಮಾಡಿ ಆಮೇಲೆ 'ಜಿಪಿಜಿ --ವೆರಿಫೈ' ಕೊಡಬೇಕು. ಈ ಕ್ರಮ ತಿಳಿಯದೆ 'ಬ್ಯಾಡ್ ಸಿಗ್ನೇಚರ್' ನೋಡಿ ಗಾಬರಿಯಾಗುವುದು ಸಾಮಾನ್ಯ.

ಕಾನ್ಫಿಗ್ ವಿಷಯದಲ್ಲಿ ಒಂದೇ ಹಟ ಹಿಡಿಯಿರಿ: ಶುರು ಯಾವಾಗಲೂ ಡಿಸ್ಟ್ರೋ ಕಾನ್ಫಿಗ್‌ನಿಂದ. /ಬೂಟ್ ಒಳಗಿನ 'ಕಾನ್ಫಿಗ್-' ಎಂದು ಶುರುವಾಗುವ ಫೈಲನ್ನು ಸೋರ್ಸ್ ಫೋಲ್ಡರಿಗೆ '.ಕಾನ್ಫಿಗ್' ಎಂಬ ಹೆಸರಿನಲ್ಲಿ ನಕಲು ಮಾಡಿ. ಖಾಲಿಯಿಂದ ಶುರು ಮಾಡಿ ಮೆನುಕಾನ್ಫಿಗ್‌ನಲ್ಲಿ ಒಂದೊಂದೇ ಆರಿಸುವವರು ಕೊನೆಗೆ ಸೆಕ್‌ಕಾಂಪ್ ಇಲ್ಲ, ಯೂಸರ್ ನೇಮ್‌ಸ್ಪೇಸ್ ಇಲ್ಲ, ಬ್ರೌಸರ್ ಸ್ಯಾಂಡ್‌ಬಾಕ್ಸ್ ಏಳುವುದಿಲ್ಲ, ಫ್ಲ್ಯಾಟ್‌ಪ್ಯಾಕ್ ಓಡುವುದಿಲ್ಲ ಎಂಬಲ್ಲಿಗೆ ಬರುತ್ತಾರೆ. ಸಿಗ್ರೂಪ್ಸ್, ಡೆವ್‌ಟೆಂಪ್‌ಎಫ್‌ಎಸ್, ಐನೋಟಿಫೈ ಇಲ್ಲದಿದ್ದರೆ ಸರ್ವಿಸ್‌ಗಳನ್ನೆಲ್ಲ ಶುರು ಮಾಡುವ ಸಿಸ್ಟಮ್‌ಡಿ ಕೂಡ ಸರಿಯಾಗಿ ನಿಲ್ಲುವುದಿಲ್ಲ.

ಮುಂದಿನದು 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್'. ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ನೋಡಿ, ಉಳಿದ ಮಾಡ್ಯೂಲ್‌ಗಳನ್ನೆಲ್ಲ ಕಾನ್ಫಿಗ್‌ನಿಂದ ತೆಗೆಯುತ್ತದೆ. ಕರ್ನಲ್ ಒಳಗೇ ಬೆರೆತ ಆಯ್ಕೆಗಳನ್ನು ಹಾಗೇ ಬಿಡುತ್ತದೆ. ಇದು 2009ರಿಂದ ಕರ್ನಲ್ ಜೊತೆಗೇ ಇದೆ. ನಾಲ್ಕು ಕೋರ್ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಡಿಸ್ಟ್ರೋ ಕಾನ್ಫಿಗ್ ಬಿಲ್ಡ್ ಆಗಲು ಒಂದೆರಡು ಗಂಟೆ ಹಿಡಿದರೆ, ಇದಾದಮೇಲೆ ಕಾಲು ಗಂಟೆ ಆಸುಪಾಸಿನಲ್ಲಿ ಮುಗಿಯಬಹುದು. ಬೈಸೆಕ್ಟ್ ಮಾಡುವವರಿಗೆ ಇದಿಲ್ಲದೆ ಆಗುವುದೇ ಇಲ್ಲ.

ಅದರ ಅಪಾಯವೂ ಅಲ್ಲೇ ಇದೆ: ಈ ಕ್ಷಣ ಸಿಕ್ಕಿಸದ ಸಾಧನ ಅದರ ಪಾಲಿಗೆ ಇಲ್ಲವೇ ಇಲ್ಲ. ಆದ್ದರಿಂದ ಕಮಾಂಡ್ ಕೊಡುವ ಮೊದಲು ಪೆನ್‌ಡ್ರೈವ್ ಹಾಕಿ ಮೌಂಟ್ ಮಾಡಿ, ಫೋನ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ (ಕರೆಂಟ್ ಹೋಗಿ ರೂಟರ್ ಆರಿದಾಗ ಬೇಕಾಗುವುದು ಇದೇ), ಬ್ಲೂಟೂತ್ ಹೆಡ್‌ಸೆಟ್ ಜೋಡಿಸಿ, ವೆಬ್‌ಕ್ಯಾಮ್ ತೆರೆಯಿರಿ, ವಿಪಿಎನ್‌ಗೆ ಕನೆಕ್ಟ್ ಆಗಿ, ಡಾಕರ್ ಕಂಟೇನರ್ ಒಂದನ್ನು ಓಡಿಸಿ, ಎಚ್‌ಡಿಎಂಐ ಸಿಕ್ಕಿಸಿ. ಆರ್ಡುಇನೊ ಬಳಸುವವರು ಸಿಎಚ್341, ಎಫ್‌ಟಿಡಿಐ ಸೀರಿಯಲ್ ಡ್ರೈವರ್‌ಗಳನ್ನು ಮರೆಯಬಾರದು. ಎಲ್ಲಕ್ಕಿಂತ ಕಾಡುವುದು ಕಣ್ಣಿಗೆ ಬೀಳದ ಒಂದು ಚಿಕ್ಕ ಮಾಡ್ಯೂಲ್: ವಿಫ್ಯಾಟ್ (ಇಎಫ್‌ಐ ಪಾರ್ಟಿಷನ್ನಿನ ಫೈಲ್‌ಸಿಸ್ಟಮ್) ಜೊತೆ ಬೇಕಾಗುವ ಎನ್‌ಎಲ್‌ಎಸ್ ಅಕ್ಷರ ಪಟ್ಟಿ, ಸಿಪಿ437 ಮತ್ತು ಅದರ ಜೊತೆಯ ಆಸ್ಕಿ ಅಥವಾ ಐಎಸ್‌ಒ8859-1. ಅದು ಬಿಟ್ಟುಹೋದರೆ ಇಎಫ್‌ಐ ಪಾರ್ಟಿಷನ್ ಮೌಂಟ್ ಆಗುವುದಿಲ್ಲ, ಎಫ್‌ಎಸ್‌ಟ್ಯಾಬ್‌ನಲ್ಲಿರುವುದು (ಬೂಟ್ ಹೊತ್ತಿನಲ್ಲಿ ಮೌಂಟ್ ಆಗಬೇಕಾದವುಗಳ ಪಟ್ಟಿ ಅದು) ಮೌಂಟ್ ಆಗದ ಕಾರಣ ಸಿಸ್ಟಮ್‌ಡಿ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ಸೋರ್ಸ್ ಜೊತೆ ಬರುವ 'ಸ್ಕ್ರಿಪ್ಟ್ಸ್/ಕಾನ್ಫಿಗ್' ಬಳಸಿ ಎರಡು ತಿದ್ದುಪಡಿ ಮಾಡಬೇಕು. ಒಂದು, 'ಸಿಸ್ಟಮ್ ಟ್ರಸ್ಟೆಡ್ ಕೀಸ್' ಮತ್ತು 'ಸಿಸ್ಟಮ್ ರಿವೊಕೇಶನ್ ಕೀಸ್' ಎರಡನ್ನೂ '--ಸೆಟ್-ಎಸ್‌ಟಿಆರ್' ಕೊಟ್ಟು ಖಾಲಿ ಮಾಡುವುದು. ಡಿಸ್ಟ್ರೋದವರು ಅಲ್ಲಿ ತಮ್ಮ ಸರ್ಟಿಫಿಕೇಟ್ ಫೈಲಿನ ದಾರಿ ಬರೆದಿರುತ್ತಾರೆ, ಆ ಫೈಲ್ ನಿಮ್ಮಲ್ಲಿಲ್ಲ. ಉಬುಂಟು ಕಾನ್ಫಿಗ್ ಇಟ್ಟುಕೊಂಡು ಬಿಲ್ಡ್ ಮಾಡುವಾಗ 'ಡೆಬಿಯನ್/ಕೆನಾನಿಕಲ್-ಸರ್ಟ್ಸ್ ಪೆಮ್ ಮಾಡಲು ರೂಲ್ ಇಲ್ಲ' ಎಂದು ನಿಲ್ಲುವುದು ಇದಕ್ಕೇ. ಎರಡು, 'ಡೀಬಗ್ ಇನ್ಫೊ ನನ್' ಆರಿಸುವುದು. ಜಾಗ ಉಳಿಯುತ್ತದೆ, ಕೊನೆಯ ಲಿಂಕ್ ಹಂತದಲ್ಲಿ ಪಹೋಲ್ (ಡೀಬಗ್ ಮಾಹಿತಿ ಸಂಸ್ಕರಿಸುವ ಪ್ರೋಗ್ರಾಂ) ತಿನ್ನುವ ರ್‍ಯಾಮ್ ಕೂಡ ಉಳಿಯುತ್ತದೆ. ಕರ್ನಲ್ ಒಳಗನ್ನು ಗಮನಿಸುವ ಬಿಪಿಎಫ್ ಉಪಕರಣಗಳಿಗೆ ಬಿಟಿಎಫ್ (ಟೈಪ್ ಮಾಹಿತಿ) ಬೇಕಿರುವವರು ಮಾತ್ರ ಡೀಬಗ್ ಉಳಿಸಿಕೊಳ್ಳಬೇಕು.

'ಲೋಕಲ್‌ವರ್ಷನ್'ಗೆ '-ಕೀಬೋರ್ಡ್1' ಥರದ ಗುರುತು ಕೊಡಿ. ಅದು ಪ್ಯಾಕೇಜ್ ಹೆಸರಿಗೂ ಹೋಗುವುದರಿಂದ ಸಣ್ಣಕ್ಷರ, ಅಂಕಿ, ಹೈಫನ್ ಬಿಟ್ಟು ಬೇರೇನೂ ಬೇಡ. ಆಮೇಲೆ 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' (ಹೊಸ ಆಯ್ಕೆಗಳಿಗೆ ಡೀಫಾಲ್ಟ್ ಉತ್ತರ ತುಂಬುತ್ತದೆ), ಅದಾದ ಮೇಲೆ 'ಮೇಕ್ -ಜೆ8 ಬಿನ್‌ಡೆಬ್-ಪಿಕೆಜಿ'. 8ರ ಜಾಗದಲ್ಲಿ ನಿಮ್ಮ ಥ್ರೆಡ್‌ಗಳ ಸಂಖ್ಯೆ. 4 ಜಿಬಿ ರ್‍ಯಾಮ್ ಇದ್ದರೆ ಎರಡೋ ಮೂರೋ ಸಾಕು. ಜಾಸ್ತಿ ಕೊಟ್ಟರೆ 'ಕಿಲ್ಡ್' ಎಂದು ಸಿಸಿ1 (ಕಂಪೈಲರ್) ಸಾಯುತ್ತದೆ, ತಪ್ಪು ಕೋಡಿನದಲ್ಲ, ಮೆಮೊರಿಯದು. ಕೊನೆಗೆ ಸೋರ್ಸ್ ಫೋಲ್ಡರಿಗಿಂತ ಒಂದು ಹಂತ ಮೇಲಿನ ಫೋಲ್ಡರಿನಲ್ಲಿ ಇಮೇಜ್, ಹೆಡರ್ಸ್ ಡೆಬ್ ಫೈಲ್‌ಗಳು ಸಿಗುತ್ತವೆ. 'ಆಪ್ಟ್ ಇನ್‌ಸ್ಟಾಲ್' ಮೂಲಕ ಆ ಎರಡನ್ನು ಹಾಕಿ. 'ಲಿನಕ್ಸ್-ಲಿಬ್‌ಸಿ-ಡೆವ್' ಎಂಬುದನ್ನು ಹಾಕಬೇಡಿ, ಡಿಸ್ಟ್ರೋದ ಪ್ಯಾಕೇಜಿನ ಜಾಗಕ್ಕೆ ಬಂದು ಕೂರುತ್ತದೆ.

'ಮೇಕ್ ಇನ್‌ಸ್ಟಾಲ್' ದಾರಿಯೂ ಇದೆ, ಆದರೆ ಡೆಬ್ ಆದರೆ ಆಪ್ಟ್‌ನಿಂದಲೇ ತೆಗೆಯಬಹುದು, ಇನಿಟ್‌ರ್‍ಯಾಮ್‌ಎಫ್‌ಎಸ್ ಮತ್ತು ಗ್ರಬ್ ತಾವಾಗಿ ಅಪ್‌ಡೇಟ್ ಆಗುತ್ತವೆ. ಆ ದಾರಿಯನ್ನೇ ಹಿಡಿದರೆ 'ಮಾಡ್ಯೂಲ್ಸ್_ಇನ್‌ಸ್ಟಾಲ್' ಜೊತೆ 'ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1' ಎಂದು ಸೇರಿಸಿ (ಈ ಹೆಸರು ದೊಡ್ಡಕ್ಷರದಲ್ಲಿ). ಇಲ್ಲದಿದ್ದರೆ ಡೀಬಗ್ ಮಾಹಿತಿ ಸಮೇತ ಮಾಡ್ಯೂಲ್‌ಗಳು ಇನಿಟ್‌ರ್‍ಯಾಮ್‌ಎಫ್‌ಎಸ್‌ಗೆ ತುಂಬಿಕೊಂಡು ಅದು ನೂರಾರು ಎಂಬಿ ಆಗಿ, ಚಿಕ್ಕ /ಬೂಟ್ ಪಾರ್ಟಿಷನ್ ಭರ್ತಿಯಾಗುತ್ತದೆ. ಅರ್ಧ ಬರೆದ ಇನಿಟ್‌ರ್‍ಯಾಮ್‌ಎಫ್‌ಎಸ್ ಎಂದರೆ ಏಳದ ಯಂತ್ರ.

ಬೂಟ್ ಆಗದಿದ್ದರೆ

ಹಳೆಯ ಕರ್ನಲ್ ಅಳಿಸದಿರುವವರೆಗೆ ಯಾವುದೂ ಅನಾಹುತವಲ್ಲ. ಗ್ರಬ್ ಮೆನು ಕಾಣುವಂತೆ ಮೊದಲೇ ಐದು ಸೆಕೆಂಡ್ ಟೈಮ್‌ಔಟ್ ಇಟ್ಟುಕೊಳ್ಳಿ. ದೂರದ ಸರ್ವರ್ ಆದರೆ ಇನ್ನೂ ಎಚ್ಚರ ಬೇಕು: 'ಗ್ರಬ್_ಡೀಫಾಲ್ಟ್=ಸೇವ್ಡ್' ಮಾಡಿ, ಹಳೆಯ ಕರ್ನಲ್ ಅನ್ನೇ ಡೀಫಾಲ್ಟ್ ಆಗಿಟ್ಟು, 'ಗ್ರಬ್-ರೀಬೂಟ್' ಮೂಲಕ ಹೊಸದನ್ನು ಒಂದು ಸಲಕ್ಕೆ ಮಾತ್ರ ಆರಿಸಿ, ಕರ್ನಲ್ ಸಾಲಿಗೆ 'ಪ್ಯಾನಿಕ್=10' ಸೇರಿಸಿ. ಪ್ಯಾನಿಕ್ ಆದರೆ, ಅಂದರೆ ಕರ್ನಲ್ ಮುಂದುವರಿಯಲಾಗದೆ ನಿಂತರೆ, 10 ಸೆಕೆಂಡಿನಲ್ಲಿ ತಾನೇ ರೀಬೂಟ್ ಆಗಿ ಹಳೆಯದಕ್ಕೆ ಮರಳುತ್ತದೆ.

ಅತಿ ಹೆಚ್ಚು ಕಾಣುವ ಪ್ಯಾನಿಕ್ 'ರೂಟ್ ಎಫ್‌ಎಸ್ ಮೌಂಟ್ ಮಾಡಲಾಗಲಿಲ್ಲ, ಅನ್‌ನೋನ್-ಬ್ಲಾಕ್(0,0)' ಎಂಬುದು. ಆ ಬ್ರಾಕೆಟ್‌ನೊಳಗಿನ ಅಂಕಿ ನೋಡಿ. 0,0 ಎಂದರೆ ಕರ್ನಲ್‌ಗೆ ಡಿಸ್ಕೇ ಕಂಡಿಲ್ಲ. ಇನಿಟ್‌ರ್‍ಯಾಮ್‌ಎಫ್‌ಎಸ್ ತಯಾರಾಗಿಲ್ಲ ಅಥವಾ ಎನ್‌ವಿಎಂಇ, ಸಾಟಾ ಡ್ರೈವರ್ ಬಿಟ್ಟುಹೋಗಿದೆ. 259,2 ಥರ ಅಂಕಿ ಇದ್ದರೆ ಡಿಸ್ಕ್ ಕಂಡಿದೆ (259 ಎನ್‌ವಿಎಂಇ ಪಾರ್ಟಿಷನ್‌ಗಳು ಬರುವ ಸಂಖ್ಯೆ), ಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಇಲ್ಲ. ಎಷ್ಟೋ ಸಲ 'ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ -ಸಿ -ಕೆ' ಮುಂದೆ ಆವೃತ್ತಿ ಕೊಟ್ಟರೆ ಸರಿಹೋಗುತ್ತದೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಗ್ರಬ್ 'ಬ್ಯಾಡ್ ಶಿಮ್ ಸಿಗ್ನೇಚರ್' ಎನ್ನುತ್ತದೆ. ನಿಮ್ಮದೇ ಕೀ ಮಾಡಿ, 'ಎಂಒಕೆಯುಟಿಲ್ --ಇಂಪೋರ್ಟ್' ಕೊಟ್ಟು, ರೀಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ದಾಖಲಿಸಿ, 'ಎಸ್‌ಬಿಸೈನ್' ಮೂಲಕ ಕರ್ನಲ್ ಫೈಲ್ ಆದ ವಿಎಂಲಿನಝ್‌ಗೆ ಸಹಿ ಹಾಕಬೇಕು. ಉಬುಂಟು ಡಿಕೆಎಂಎಸ್‌ಗಾಗಿ (ಹೊರಗಿನ ಮಾಡ್ಯೂಲ್‌ಗಳನ್ನು ಪ್ರತಿ ಕರ್ನಲ್‌ಗೂ ಬಿಲ್ಡ್ ಮಾಡುವ ವ್ಯವಸ್ಥೆ) ತಾನೇ ಮಾಡಿಟ್ಟಿರುವ ಕೀ ಇದಕ್ಕೆ ಆಗುವುದಿಲ್ಲ: ಅದನ್ನು ಮಾಡ್ಯೂಲ್ ಸಹಿಗೆ ಮಾತ್ರ ಎಂದು ಗುರುತಿಸಿರುತ್ತಾರೆ, ಕರ್ನಲ್‌ಗೆ ಬಳಸಿದರೆ ಸಹಿ ಪರಿಶೀಲಿಸುವ ಶಿಮ್ ತಿರಸ್ಕರಿಸುತ್ತದೆ. ನಿಮ್ಮ ಬಿಲ್ಡ್‌ನ ಮಾಡ್ಯೂಲ್‌ಗಳಿಗೆ ಬೇರೆ ಕೆಲಸವಿಲ್ಲ, ಬಿಲ್ಡ್ ಹೊತ್ತಿನಲ್ಲೇ ಹುಟ್ಟಿದ ಕೀಯಿಂದ ಅವುಗಳಿಗೆ ಸಹಿ ಬಿದ್ದಿರುತ್ತದೆ.

ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್, ಝಡ್‌ಎಫ್‌ಎಸ್ ಇರುವವರು ಹೊಸ ಮೇನ್‌ಲೈನ್‌ಗೆ ನೆಗೆಯುವ ಮುನ್ನ ಯೋಚಿಸಿ. ಕರ್ನಲ್ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಹೊರಗಿನ ಮಾಡ್ಯೂಲ್‌ಗಳು ಅದಕ್ಕೆ ಹೊಂದಿಕೊಳ್ಳುವವರೆಗೆ ಡಿಕೆಎಂಎಸ್ ಬಿಲ್ಡ್ ಮುರಿಯುತ್ತಲೇ ಇರುತ್ತದೆ. ಡಿಸ್ಟ್ರೋದ ಸರಣಿಯೊಳಗೇ, ಅಂದರೆ 6.12ರಲ್ಲೇ ಇದ್ದರೆ ಈ ಗೋಳು ಬಹಳ ಕಡಿಮೆ.

ಬೈಸೆಕ್ಟ್ ಮಾಡುವವರು ಮೊದಲ ಕಾನ್ಫಿಗ್ ಅನ್ನು ಸೋರ್ಸ್ ಫೋಲ್ಡರಿನ ಹೊರಗೆ ಎತ್ತಿಟ್ಟು, ಪ್ರತಿ ಹೆಜ್ಜೆಯಲ್ಲೂ ಅದನ್ನೇ ಮತ್ತೆ ನಕಲು ಮಾಡಿ ಓಲ್ಡ್‌ಡೆಫ್‌ಕಾನ್ಫಿಗ್ ಕೊಡಬೇಕು. ಹಳೆಯ ಕಮಿಟ್‌ಗೆ ಹೋದಾಗ ಆಗ ಇಲ್ಲದ ಆಯ್ಕೆಗಳು ಉದುರಿಹೋಗುತ್ತವೆ, ಮುಂದೆ ಬಂದಾಗ ಅವು ವಾಪಸ್ ಬರುವುದಿಲ್ಲ. ಕೊನೆಗೆ ಕೆಟ್ಟದ್ದು ಕೋಡಿನಿಂದಲೋ ಕಾನ್ಫಿಗ್‌ನಿಂದಲೋ ತಿಳಿಯದೆ ಇಡೀ ಕೆಲಸ ನೀರುಪಾಲು. ಕ್ಲೋನ್ ಮಾಡುವಾಗ '--ಡೆಪ್ತ್ 1' ಕೊಟ್ಟಿದ್ದರೆ ಇತಿಹಾಸವೇ ಇರುವುದಿಲ್ಲ, ಬೈಸೆಕ್ಟ್ ಮಾಡಲಾಗದು.

ಕಂಪೈಲ್ ಆದ ಮೇಲಿನ ಬೆಲೆ

ಜನ ಲೆಕ್ಕ ಹಾಕುವುದು ಬಿಲ್ಡ್‌ಗೆ ಹಿಡಿಯುವ ಗಂಟೆಗಳನ್ನು. ನಿಜವಾದ ವೆಚ್ಚ ಶುರುವಾಗುವುದು ಮರುದಿನದಿಂದ. 6.12ರಂಥ ದೀರ್ಘಾವಧಿ ಸರಣಿಗಳಿಗೆ ಹೆಚ್ಚುಕಡಿಮೆ ವಾರಕ್ಕೊಂದು ಬಿಡುಗಡೆ ಬರುತ್ತದೆ, ಪ್ರತಿಯೊಂದರಲ್ಲೂ ಹತ್ತಾರು ನೂರಾರು ತಿದ್ದುಪಡಿ. 2024ರ ಫೆಬ್ರವರಿಯಿಂದ ಕರ್ನಲ್ ತಂಡವೇ ಸಿವಿಇ (ಭದ್ರತಾ ದೋಷದ ಗುರುತು) ಸಂಖ್ಯೆ ಕೊಡಲು ಶುರು ಮಾಡಿದ ಮೇಲೆ ಅವುಗಳ ಸಾಲು ನಿಲ್ಲುವುದೇ ಇಲ್ಲ. ಯಾವುದು ನಿಮಗೆ ಅನ್ವಯಿಸುತ್ತದೆ ಎಂದು ಒಬ್ಬರೇ ಕೂತು ಬಿಡಿಸುವುದು ಆಗದ ಮಾತು. ಡಿಸ್ಟ್ರೋ ಕರ್ನಲ್‌ನಲ್ಲಿದ್ದರೆ ಆಪ್ಟ್ ಅಪ್‌ಗ್ರೇಡ್ ಈ ಕೆಲಸ ಮಾಡಿಬಿಡುತ್ತದೆ. ನಿಮ್ಮ ಕರ್ನಲ್‌ಗೆ ಯಾರೂ ಅಪ್‌ಡೇಟ್ ಕಳಿಸುವುದಿಲ್ಲ. ಅಂಗಡಿಯ ಬಿಲ್ಲಿಂಗ್ ಯಂತ್ರಕ್ಕೋ ಆಫೀಸಿನ ಸರ್ವರ್‌ಗೋ ಕಸ್ಟಮ್ ಕರ್ನಲ್ ಹಾಕಿ ಮರೆತುಬಿಡುವುದು ಅಲ್ಲಿನ ಜನರಿಗೆ ಮಾಡುವ ಅನ್ಯಾಯ. ಹಾಕಿದ ಮೇಲೆ ನೋಡಿಕೊಳ್ಳುವ ಮನಸ್ಸಿಲ್ಲದಿದ್ದರೆ ಹಾಕಬಾರದು.

ಇದರಿಂದ ಹೊರಬರುವ ದಾರಿ, ನಿಮ್ಮ ಪ್ಯಾಚ್ ಅನ್ನು ಮೂಲ ಕರ್ನಲ್‌ಗೇ ಸೇರಿಸುವುದು. ಕೀಬೋರ್ಡ್, ಮೈಕ್ ಪಟ್ಟಿಗೆ ಒಂದು ನಮೂದು ಸೇರಿಸುವಂಥ ಪ್ಯಾಚ್‌ಗಳನ್ನು ಮೇಂಟೇನರ್‌ಗಳು ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ, ಮೊದಲ ಸಲ ಬರೆಯುವವರಿಂದಲೂ. 'ಸ್ಕ್ರಿಪ್ಟ್ಸ್/ಚೆಕ್‌ಪ್ಯಾಚ್' ಓಡಿಸಿ ಫಾರ್ಮ್ಯಾಟ್ ಸರಿಪಡಿಸಿ, 'ಸ್ಕ್ರಿಪ್ಟ್ಸ್/ಗೆಟ್_ಮೇಂಟೇನರ್' ಯಾರಿಗೆ ಕಳಿಸಬೇಕೆಂದು ಹೇಳುತ್ತದೆ, ಸೈನ್ಡ್-ಆಫ್-ಬೈ ಸಾಲು ಇರಲೇಬೇಕು, 'ಗಿಟ್ ಸೆಂಡ್-ಇಮೇಲ್' ಬಳಸಿ. ಅಂಟಿಸಿದ ಎಚ್‌ಟಿಎಂಎಲ್ ಮೇಲ್ ಹೋದರೆ ಮೇಲಿಂಗ್ ಲಿಸ್ಟ್ ಸ್ವೀಕರಿಸುವುದೇ ಇಲ್ಲ. ಕಮಿಟ್ ಸಂದೇಶದಲ್ಲಿ ಸ್ಟೇಬಲ್ ತಂಡಕ್ಕೆ ಸಿಸಿ ಸಾಲು ಹಾಕಿದರೆ ತಿದ್ದುಪಡಿ 6.12ಕ್ಕೂ ಇಳಿದು ಬಂದು, ಕೊನೆಗೆ ಡೆಬಿಯನ್ ಅಪ್‌ಡೇಟ್‌ನಲ್ಲಿ ಸೇರುತ್ತದೆ. ಆಗ ಅದೇ ಮಾಡೆಲ್ ಕೊಂಡ ಹಾಸನದವರಿಗೂ ಹೈದರಾಬಾದಿನವರಿಗೂ ಕೀಬೋರ್ಡ್ ಮೊದಲ ದಿನವೇ ಕೆಲಸ ಮಾಡುತ್ತದೆ.

ಆ ಅಪ್‌ಡೇಟ್ ಬಂದ ದಿನ ಡಿಸ್ಟ್ರೋ ಕರ್ನಲ್‌ಗೆ ಬೂಟ್ ಆಗಿ ಕೀಬೋರ್ಡ್ ಪರೀಕ್ಷಿಸಿ, 'ಯುನೇಮ್ -ಆರ್' ನಿಮ್ಮ ಗುರುತಿಲ್ಲದ ಹೆಸರು ತೋರಿಸುತ್ತಿದೆಯೇ ನೋಡಿ, ಆಮೇಲೆ ನಿಮ್ಮ ಇಮೇಜ್ ಮತ್ತು ಹೆಡರ್ಸ್ ಪ್ಯಾಕೇಜ್‌ಗಳನ್ನು 'ಆಪ್ಟ್ ಪರ್ಜ್' ಮಾಡಿ. ಡಿಕೆಎಂಎಸ್ ಇಟ್ಟ ಫೈಲ್‌ಗಳಿದ್ದರೆ /ಲಿಬ್/ಮಾಡ್ಯೂಲ್ಸ್‌ನಲ್ಲಿ ನಿಮ್ಮ ಆವೃತ್ತಿಯ ಫೋಲ್ಡರ್ ಉಳಿದಿರಬಹುದು, ಅದನ್ನು ಕೈಯಾರೆ ತೆಗೆಯಬೇಕು. ಕಾನ್ಫಿಗ್ ಫೈಲ್ ಮತ್ತು ಪ್ಯಾಚ್ ಎರಡನ್ನು ಮಾತ್ರ ಎತ್ತಿಡಿ. ಬಿಲ್ಡ್ ಫೋಲ್ಡರ್ ಇಟ್ಟುಕೊಳ್ಳುವ ಅಗತ್ಯವಿಲ್ಲ.